ಕಿವಿ, ಮೂಗು, ಗಂಟಲು: ಯಾವುದಕ್ಕೆ ಔಷಧಿ ಸಾಕು, ಯಾವುದಕ್ಕೆ ಆಪರೇಷನ್ ಬೇಕು?

ಹಾವೇರಿ: ಮೆಣಸಿನಕಾಯಿ ಸೀಜನ್‌ನಲ್ಲಿ ಬ್ಯಾಡಗಿ ಪೇಟೆಯ ಯಾವುದೇ ಮೆಡಿಕಲ್ ಶಾಪ್ ಮುಂದೆ ಅರ್ಧ ತಾಸು ನಿಂತರೆ ಮೂರು ಥರದ ಗಿರಾಕಿಗಳು ಕಾಣುತ್ತಾರೆ. ಮೊದಲನೆಯವರು ಗೋದಾಮಿನಲ್ಲಿ ಕೆಲಸ ಮಾಡುವವರು. ‘ಮೂಗು ಕಟ್ಟೇತ್ರಿ, ರಾತ್ರಿ ನಿದ್ದಿನೇ ಇಲ್ಲ, ಆ ಡ್ರಾಪ್ಸ್ ಕೊಡ್ರಿ’ ಎನ್ನುತ್ತಾರೆ. ಎರಡನೆಯವರು ಮಗನನ್ನು ಕರೆದುಕೊಂಡು ಬಂದ ತಾಯಿ. ‘ಹುಡುಗನ ಕಿವಿ ಸೋರಾಕತ್ತೇತಿ, ವಾಸನಿ ಬರ್ತೇತಿ. ನೋವೇನಿಲ್ಲ ಬಿಡ್ರಿ, ಹೋದ ಸಲದ್ದೇ ಔಷಧ ಕೊಡ್ರಿ.’ ಮೂರನೆಯವರು ವಯಸ್ಸಾದ ಅಂಗಡಿಕಾರರು. ದನಿ ಕೂತು ಎರಡು ತಿಂಗಳಾಗಿದೆ, ಚೀಪುವ ಮಾತ್ರೆ ಕೇಳುತ್ತಾರೆ.

ಮೂವರಲ್ಲಿ ಹೆಚ್ಚು ಒದ್ದಾಡುತ್ತಿರುವವರು ಮೂಗು ಕಟ್ಟಿದವರು. ಆದರೆ ಮೊದಲು ವೈದ್ಯರ ಹತ್ತಿರ ಹೋಗಬೇಕಾದವರು ನೋವಿಲ್ಲದ ಆ ಇಬ್ಬರು. ಮಗುವಿನ ಕಿವಿಗೆ ಆಪರೇಷನ್ ಬೇಕಾಗಬಹುದು, ಹಿರಿಯರ ಗಂಟಲಿಗೆ ತಡಮಾಡದೆ ತಪಾಸಣೆ ಬೇಕು. ಮೂಗು ಕಟ್ಟಿದವರಿಗೆ ಬಹುಶಃ ಸರಿಯಾದ ಔಷಧಿ ಸಾಕು.

ಕಿವಿ, ಮೂಗು, ಗಂಟಲಿನ ತೊಂದರೆಗಳಲ್ಲಿ ಜನ ಎಡವುವುದು ಇಲ್ಲೇ. ಜೋರು ನೋವಿದ್ದರೆ ದೊಡ್ಡ ಕಾಯಿಲೆ, ನೋವಿಲ್ಲದಿದ್ದರೆ ಸಣ್ಣದು ಎಂದುಕೊಳ್ಳುತ್ತಾರೆ. ಈ ಮೂರು ಅಂಗಗಳ ವಿಷಯದಲ್ಲಿ ಈ ಲೆಕ್ಕ ಎಷ್ಟೋ ಸಲ ಉಲ್ಟಾ. ಏಕಾಏಕಿ ಬರುವ ನೋವು, ಜ್ವರ, ನೆಗಡಿ ಹೆಚ್ಚಾಗಿ ಔಷಧಿಯಲ್ಲೇ ಹೋಗುತ್ತವೆ. ನೋವಿಲ್ಲದೆ ತಿಂಗಳುಗಟ್ಟಲೆ ಉಳಿಯುವ ತೊಂದರೆಗಳೇ ಕೊನೆಗೆ ಆಪರೇಷನ್ ಕೋಣೆಗೆ ಕರೆದೊಯ್ಯುತ್ತವೆ.

ಕಿವಿ ಸೋರುವುದು: ಎರಡು ಬಗೆ, ಎರಡು ದಾರಿ

ಕಿವಿ ಸೋರಿಕೆಯಲ್ಲಿ ಎರಡು ಬಗೆ ಇದೆ. ಯಾವುದು ಎಂದು ತಿಳಿಯುವುದೇ ಮುಖ್ಯ.

ಮೊದಲನೆಯದು ಕಿವಿಯ ತಮಟೆಯ ನಡುಭಾಗದಲ್ಲಿ ತೂತು ಬೀಳುವುದು. ನೆಗಡಿಯಾದಾಗ ಅಥವಾ ವರದಾ ನದಿಯಲ್ಲೋ ಕೆರೆಯಲ್ಲೋ ಈಜಿ ಬಂದಾಗ ಕಿವಿ ಸೋರುತ್ತದೆ. ಸೋರುವುದು ಹೆಚ್ಚು, ಲೋಳೆಯಂತೆ ಇರುತ್ತದೆ, ಸಾಮಾನ್ಯವಾಗಿ ಕೆಟ್ಟ ವಾಸನೆ ಇರುವುದಿಲ್ಲ. ಔಷಧಿ ಹಾಕಿದರೆ ಒಣಗುತ್ತದೆ, ಮತ್ತೆ ನೆಗಡಿಯಾದರೆ ಮತ್ತೆ ಸೋರುತ್ತದೆ. ಇದು ಜೀವಕ್ಕೆ ಅಪಾಯ ತರುವುದು ಅಪರೂಪ. ಆದರೆ ಪ್ರತಿ ಸಲ ಸೋರಿದಾಗಲೂ ಕೇಳುವ ಶಕ್ತಿ ಸ್ವಲ್ಪ ಸ್ವಲ್ಪ ಕಡಿಮೆಯಾಗಬಹುದು. ಕಿವಿ ಪೂರ್ತಿ ಒಣಗಿದ ಮೇಲೂ ತೂತು ಮುಚ್ಚದಿದ್ದರೆ ಟಿಂಪನೋಪ್ಲಾಸ್ಟಿ ಎಂಬ ಆಪರೇಷನ್ ಮಾಡುತ್ತಾರೆ. ಕಿವಿಯ ಮೇಲ್ಭಾಗದ ಸ್ನಾಯುವಿನ ಮೇಲಿರುವ ತೆಳ್ಳನೆಯ ಪೊರೆಯನ್ನು ತೆಗೆದು ತೂತಿಗೆ ತೇಪೆ ಹಾಕುತ್ತಾರೆ. ಇದಕ್ಕೆ ನಾಳೆಯೇ ಓಡಬೇಕಿಲ್ಲ. ಮಕ್ಕಳ ಶಾಲೆ ರಜೆ, ಹೊಲದ ಕೆಲಸ ನೋಡಿಕೊಂಡು ದಿನ ಗೊತ್ತು ಮಾಡಬಹುದು.

ಎರಡನೆಯ ಬಗೆ ಹಾಗಲ್ಲ. ತಮಟೆಯ ಮೇಲ್ಭಾಗ ಒಳಕ್ಕೆ ಎಳೆದುಕೊಂಡು ಸಣ್ಣ ಚೀಲದಂತಾಗುತ್ತದೆ. ಅದರೊಳಗೆ ಸತ್ತ ಚರ್ಮದ ಪದರ ಸೇರುತ್ತಾ ಹೋಗಿ, ಸುತ್ತಲಿನ ಎಲುಬನ್ನೇ ಕರಗಿಸುತ್ತದೆ. ವೈದ್ಯರು ಇದನ್ನು ಕೊಲೆಸ್ಟಿಯಾಟೋಮಾ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಆದರೆ ಸುಮ್ಮನೆ ಕೂರುವ ಕಾಯಿಲೆಯೂ ಅಲ್ಲ. ಕೇಳಿಸಲು ನೆರವಾಗುವ ಮೂರು ಪುಟ್ಟ ಎಲುಬುಗಳನ್ನು ಮೊದಲು ತಿನ್ನುತ್ತದೆ. ಮುಂದೆ ಮುಖದ ನರಕ್ಕೆ ತಾಗಿದರೆ ಬಾಯಿ ಸೊಟ್ಟಗಾಗಬಹುದು. ಮಿದುಳಿನ ಕಡೆ ಹೋದರೆ ಮಿದುಳು ಜ್ವರ ಅಥವಾ ಕೀವಿನ ಗಡ್ಡೆ ಆಗಬಹುದು.

ಇದರ ಗುರುತು ಮೂರು: ಸೋರುವುದು ಸ್ವಲ್ಪವೇ, ಕೆಟ್ಟ ವಾಸನೆ, ನೋವು ಇಲ್ಲದಿರುವುದು. ಒಮ್ಮೊಮ್ಮೆ ರಕ್ತದ ಅಂಶವೂ ಕಾಣುತ್ತದೆ. ಮೆಡಿಕಲ್ ಶಾಪ್‌ಗೆ ಬಂದ ಆ ತಾಯಿ ಹೇಳಿದ್ದೂ ಇದನ್ನೇ. ಇದು ಡ್ರಾಪ್ಸ್‌ನಿಂದ ಹೋಗುವುದಿಲ್ಲ. ವಾಸನೆ ನಾಲ್ಕು ದಿನ ಕಡಿಮೆಯಾಗಬಹುದು, ಒಳಗಿನ ಸವೆತ ನಿಲ್ಲುವುದಿಲ್ಲ. ಕಿವಿ ಹಿಂದಿನ ಎಲುಬಿನವರೆಗೂ ಸ್ವಚ್ಛ ಮಾಡುವ ಮ್ಯಾಸ್ಟಾಯ್ಡ್ ಆಪರೇಷನ್ನೇ ಇದಕ್ಕೆ ದಾರಿ. ಇಲ್ಲಿ ಮೊದಲ ಗುರಿ ಕಾಯಿಲೆಯನ್ನು ಪೂರ್ತಿ ತೆಗೆದು ಕಿವಿಯನ್ನು ಸುರಕ್ಷಿತ ಮಾಡುವುದು. ಕೇಳುವ ಶಕ್ತಿ ಸುಧಾರಿಸುವುದು ಆಮೇಲಿನ ಮಾತು. ಕಾಯಿಲೆ ಮರುಕಳಿಸಬಹುದಾದ್ದರಿಂದ ವರ್ಷಗಟ್ಟಲೆ ತಪಾಸಣೆಗೆ ಹೋಗುತ್ತಿರಬೇಕು.

ಸೋರುವ ಕಿವಿಗೆ ಬಿಸಿ ಎಣ್ಣೆ, ಬೆಳ್ಳುಳ್ಳಿ ಎಣ್ಣೆ, ಎಲೆಯ ರಸ ಹಾಕುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ತಮಟೆಯಲ್ಲಿ ತೂತಿದ್ದರೆ ಹಾಕಿದ್ದೆಲ್ಲ ನೇರವಾಗಿ ಒಳಗೆ ಹೋಗುತ್ತದೆ. ಸ್ನಾನ ಮಾಡುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗೆ ಇಟ್ಟುಕೊಂಡು ನೀರು ಹೋಗದಂತೆ ನೋಡಿಕೊಳ್ಳುವುದು ಇದಕ್ಕಿಂತ ಎಷ್ಟೋ ಒಳ್ಳೆಯದು.

ಕೆನ್ನೆಗೆ ಏಟು ಬಿದ್ದು ತಮಟೆ ಹರಿದರೆ ಗಾಬರಿ ಬೇಡ. ಇಂಥ ತೂತು ಹೆಚ್ಚಿನವರಲ್ಲಿ ಎರಡು-ಮೂರು ತಿಂಗಳೊಳಗೆ ತಾನಾಗಿಯೇ ಮುಚ್ಚುತ್ತದೆ. ಒಮ್ಮೆ ವೈದ್ಯರಿಗೆ ತೋರಿಸಿ, ನೀರು ಹೋಗದಂತೆ ನೋಡಿಕೊಳ್ಳಬೇಕು. ಅವರು ಹೇಳದೆ ಯಾವ ಡ್ರಾಪ್ಸೂ ಹಾಕಬಾರದು.

ಗುಗ್ಗೆ, ಬೂಸ್ಟು, ಕಿವಿಗೆ ಹೊಕ್ಕ ಹುಳ

ಕಿವಿಯ ಗುಗ್ಗೆ ಕೊಳೆಯಲ್ಲ. ಅದು ಕಿವಿಯ ಚರ್ಮವನ್ನು ಕಾಯುತ್ತದೆ, ತಾನಾಗಿಯೇ ಹೊರಗೆ ಬರುತ್ತದೆ. ಇಯರ್ ಬಡ್ಸ್, ಬೆಂಕಿಕಡ್ಡಿ, ಪಿನ್ನು, ಗಾಡಿ ಕೀಲಿ ಹಾಕಿ ತಿರುವಿದಾಗ ಅದು ಒಳಕ್ಕೆ ಹೋಗಿ ಗಟ್ಟಿಯಾಗುತ್ತದೆ. ಕಿವಿ ಮಂದವಾದರೆ ಗುಗ್ಗೆ ಮೆತ್ತಗಾಗುವ ಡ್ರಾಪ್ಸ್ ಹಾಕಿ ವೈದ್ಯರಿಂದ ತೆಗೆಸಿದರೆ ಮುಗಿಯಿತು. ಸಂತೆಯಲ್ಲಿ ಕಿವಿ ಸ್ವಚ್ಛ ಮಾಡಿಕೊಡುವವರ ಕೈಗೆ ಕಿವಿ ಕೊಡಬೇಡಿ.

ಮಳೆಗಾಲದಲ್ಲಿ ಕಿವಿಯೊಳಗೆ ವಿಪರೀತ ತುರಿಕೆ, ಒದ್ದೆ ಕಾಗದದಂಥ ಕಸ ಕಂಡರೆ ಅದು ಹೆಚ್ಚಾಗಿ ಬೂಸ್ಟು. ಸ್ವಚ್ಛ ಮಾಡಿ, ಬೂಸ್ಟಿನ ಔಷಧಿ ಹಾಕಿದರೆ ಹೋಗುತ್ತದೆ, ಆಪರೇಷನ್ ಬೇಕಿಲ್ಲ. ಮೊದಲು ಯಾವುದೋ ಆ್ಯಂಟಿಬಯಾಟಿಕ್ ಡ್ರಾಪ್ಸ್ ತಂದು ವಾರಗಟ್ಟಲೆ ಹಾಕಿಕೊಂಡರೆ ಬೂಸ್ಟು ಇನ್ನೂ ಬೆಳೆಯುತ್ತದೆ.

ಹೊಲದಲ್ಲಿ ಮಲಗಿದ್ದಾಗ ಕಿವಿಗೆ ಹುಳ ಹೊಕ್ಕರೆ ಕಡ್ಡಿ ಹಾಕಬಾರದು. ಮೊದಲಿಂದ ಕಿವಿ ಸೋರುವ ತೊಂದರೆ ಇಲ್ಲದವರು ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆ ಎರಡು-ಮೂರು ಹನಿ ಬಿಟ್ಟರೆ ಹುಳ ಸಾಯುತ್ತದೆ. ಆಮೇಲೆ ದವಾಖಾನೆಗೆ ಹೋಗಿ ತೆಗೆಸಬೇಕು. ಕಾಳು ಹೊಕ್ಕಿದ್ದರೆ ನೀರು ಹಾಕಬೇಡಿ. ಕಡಲೆ, ಹೆಸರು ನೀರಿಗೆ ಉಬ್ಬಿ ಇನ್ನೂ ಗಟ್ಟಿಯಾಗಿ ಕೂರುತ್ತವೆ.

ಕರೆದರೂ ತಿರುಗದ ಮಗು, ದಿಢೀರ್ ಕಿವುಡಾದ ದೊಡ್ಡವರು

ಟಿವಿ ಸೌಂಡ್ ಜಾಸ್ತಿ ಇಡುವ, ಹಿಂದಿನಿಂದ ಕರೆದರೆ ತಿರುಗದ, ‘ಆಂ?’ ಎಂದು ಪದೇಪದೇ ಕೇಳುವ ಮಗುವಿಗೆ ‘ಲಕ್ಷ್ಯ ಇಲ್ಲ’ ಎಂದು ಬೈಯುವ ಮುನ್ನ ಕಿವಿ ಪರೀಕ್ಷೆ ಮಾಡಿಸಬೇಕು. ತಮಟೆಯ ಹಿಂದೆ ಗೋಂದಿನಂಥ ದ್ರವ ತುಂಬಿಕೊಂಡರೆ ನೋವೇ ಇಲ್ಲದೆ ಕಿವಿ ಮಂದವಾಗುತ್ತದೆ. ಎಷ್ಟೋ ಮಕ್ಕಳಲ್ಲಿ ಇದು ತಾನೇ ಹೋಗುವುದರಿಂದ ವೈದ್ಯರು ಸಾಮಾನ್ಯವಾಗಿ ಮೂರು ತಿಂಗಳು ಕಾದು ನೋಡುತ್ತಾರೆ. ಆಮೇಲೂ ಎರಡೂ ಕಿವಿ ಮಂದವಾಗಿಯೇ ಇದ್ದರೆ ತಮಟೆಯಲ್ಲಿ ಗ್ರೊಮೆಟ್ ಎಂಬ ಪುಟ್ಟ ಕೊಳವೆ ಕೂರಿಸುತ್ತಾರೆ. ಅದು ಕೆಲವು ತಿಂಗಳಲ್ಲಿ ತಾನಾಗಿಯೇ ಬಿದ್ದುಹೋಗುತ್ತದೆ.

ಹುಟ್ಟುತ್ತಲೇ ಕಿವಿ ಕೇಳದ ಮಕ್ಕಳ ವಿಷಯದಲ್ಲಿ ಕಾಲವೇ ಎಲ್ಲ. ಮಿದುಳು ಮಾತು ಕಲಿಯುವ ವಯಸ್ಸು ಮೊದಲ ಕೆಲವೇ ವರ್ಷ. ‘ನಮ್ಮ ಮನ್ಯಾಗ ಎಲ್ಲಾರೂ ಲೇಟಾಗೇ ಮಾತಾಡ್ಯಾರ’ ಎಂದು ನಾಲ್ಕೈದು ವರ್ಷ ಕಾದರೆ, ಆಮೇಲೆ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಿದರೂ ಮಾತು ಬರುವುದು ಕಷ್ಟ. ಹುಟ್ಟಿದ ತಿಂಗಳೊಳಗೆ ಒಂದು ಸಣ್ಣ ಪರೀಕ್ಷೆಯಿಂದ ಕಿವಿ ಕೇಳುತ್ತದೆಯೇ ಎಂದು ತಿಳಿಯಬಹುದು. ಅದರಿಂದ ಮಗುವಿಗೆ ನೋವಾಗುವುದಿಲ್ಲ. ಮಾತು, ಶ್ರವಣದ ತೊಂದರೆಗೆಂದೇ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ದೊಡ್ಡವರಲ್ಲಿ ಬೆಳಗ್ಗೆ ಎದ್ದಾಗ ಒಂದು ಕಿವಿ ದಿಢೀರ್ ಕೇಳದಂತಾಗಿ, ಗುಂಯ್ ಎನ್ನತೊಡಗಿದರೆ ‘ಗಾಳಿ ಹೊಡೆದೈತಿ, ಗುಗ್ಗೆ ತುಂಬೈತಿ’ ಎಂದು ಕೂರುವುದು ದುಬಾರಿಯಾದೀತು. ಇದು ನರದ ತೊಂದರೆಯಾಗಿದ್ದರೆ ಸ್ಟೀರಾಯ್ಡ್ ಚಿಕಿತ್ಸೆಯನ್ನು ಆದಷ್ಟು ಬೇಗ ಶುರು ಮಾಡಬೇಕು. ಎರಡು ವಾರ ದಾಟಿದರೆ ಫಲ ಸಿಗುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ. ಇಲ್ಲಿ ಆಪರೇಷನ್ ಇಲ್ಲ, ಆದರೆ ತುರ್ತು ಇದೆ.

ಹಿಟ್ಟಿನ ಗಿರಣಿ, ಖಾರದ ಗಿರಣಿ, ವೆಲ್ಡಿಂಗ್ ಅಂಗಡಿಯವರಿಗೆ ಇನ್ನೊಂದು ಮಾತು. 85 ಡೆಸಿಬಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ದಿನಕ್ಕೆ ಎಂಟು ತಾಸು ವರ್ಷಗಟ್ಟಲೆ ಕೆಲಸ ಮಾಡಿದರೆ ಒಳಕಿವಿಯ ಸೂಕ್ಷ್ಮ ಜೀವಕೋಶಗಳು ಸಾಯುತ್ತವೆ. ಒಂದು ಕೈ ದೂರದಲ್ಲಿರುವ ಗಿರಾಕಿಯ ಜೊತೆ ಕೂಗಿ ಮಾತಾಡಬೇಕಾದರೆ ಸದ್ದು ಆ ಮಟ್ಟ ತಲುಪಿದೆ ಎಂದೇ ತಿಳಿಯಬೇಕು. ಸತ್ತ ಜೀವಕೋಶ ಮತ್ತೆ ಹುಟ್ಟುವುದಿಲ್ಲ, ಇದನ್ನು ಸರಿಪಡಿಸುವ ಆಪರೇಷನ್ನೂ ಇಲ್ಲ. ಇಯರ್ ಪ್ಲಗ್ ಹಾಕಿಕೊಳ್ಳುವುದೇ ಉಪಾಯ. ಈಗಾಗಲೇ ಮಂದವಾಗಿದ್ದರೆ ಶ್ರವಣ ಸಾಧನ.

ಹಾಸಿಗೆಯಲ್ಲಿ ಹೊರಳಿದಾಗ ಅರೆ ನಿಮಿಷ ಮನೆಯೇ ತಿರುಗಿದಂತಾಗುವ ತಲೆಸುತ್ತು ಬಹಳ ಸಲ ಒಳಕಿವಿಯ ಕಣಗಳು ಜಾಗ ತಪ್ಪಿದ್ದರಿಂದ ಬರುತ್ತದೆ. ವೈದ್ಯರು ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿಯೇ ಇದನ್ನು ಸರಿಮಾಡಬಲ್ಲರು.

‘ಮೂಗಿನ್ಯಾಗ ಎಲುಬು ಬೆಳದೈತಿ’ ಎಂದರೆ?

ಸ್ಕ್ಯಾನ್ ಮಾಡಿಸಿ ಬಂದವರು ಹೇಳುವ ಮಾತಿದು. ನಿಜವಾಗಿ ಎಲುಬು ಬೆಳೆದಿರುವುದಿಲ್ಲ. ಎರಡು ಹೊಳ್ಳೆಗಳ ನಡುವಿನ ಗೋಡೆ ಒಂದು ಕಡೆ ವಾಲಿರುತ್ತದೆ. ಪೂರ್ತಿ ನೆಟ್ಟಗಿರುವ ನಡುಗೋಡೆ ಇರುವವರೇ ಕಡಿಮೆ. ಹಾಗಾಗಿ ಸ್ಕ್ಯಾನ್‌ನಲ್ಲಿ ವಾಲಿದ್ದು ಕಂಡಿತು ಎಂಬುದೊಂದೇ ಆಪರೇಷನ್‌ಗೆ ಕಾರಣವಲ್ಲ. ಒಂದೇ ಕಡೆ ಸದಾ ಮೂಗು ಕಟ್ಟುತ್ತಿದ್ದು, ಔಷಧಿಯಿಂದಲೂ ಸರಿಹೋಗದೆ ಉಸಿರಾಟಕ್ಕೆ, ನಿದ್ದೆಗೆ ತೊಂದರೆಯಾಗಿದ್ದರೆ, ಪದೇಪದೇ ಸೈನಸ್ ಸೋಂಕು ಬರುತ್ತಿದ್ದರೆ ಮಾತ್ರ ನಡುಗೋಡೆ ನೇರ ಮಾಡುವ ಸೆಪ್ಟೋಪ್ಲಾಸ್ಟಿ ಯೋಚಿಸಬೇಕು. ಸಾಮಾನ್ಯವಾಗಿ 17-18 ವರ್ಷ ತುಂಬಿದ ಮೇಲೆ ಮಾಡುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಮೂಗು ಕಟ್ಟುವುದಕ್ಕೆ ದೊಡ್ಡ ಕಾರಣ ಧೂಳು. ಮೆಣಸಿನಕಾಯಿ ಘಾಟು, ಗೋವಿನಜೋಳದ ರಾಶಿಯ ಧೂಳು, ಗೋದಾಮಿನ ಹಳೆ ಚೀಲ, ಹತ್ತಿಯ ಎಳೆ. ಸಾಲಾಗಿ ಸೀನು, ನೀರಿನಂತೆ ಮೂಗು ಸೋರುವುದು, ಕಣ್ಣು-ಮೂಗಿನ ತುರಿಕೆ ಇದ್ದರೆ ಅದು ಅಲರ್ಜಿ. ಅಲರ್ಜಿಯನ್ನು ಯಾವ ಆಪರೇಷನ್ನೂ ತೆಗೆದುಹಾಕುವುದಿಲ್ಲ. ನಡುಗೋಡೆ ನೇರ ಮಾಡಿಸಿಕೊಂಡ ಮೇಲೂ ‘ಸೀನು ನಿಲ್ಲವಲ್ದು’ ಎಂದು ಬೇಸರಪಡುವವರು ಇರುವುದು ಇದಕ್ಕೇ.

ಅಲರ್ಜಿಗೆ ಮೊದಲ ಉಪಾಯ ಮಾಸ್ಕ್. ಎರಡನೆಯದು ಉಪ್ಪುನೀರಲ್ಲಿ ಮೂಗು ತೊಳೆಯುವುದು. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಸಾಕು. ನಳದ ನೀರನ್ನು ಕುದಿಸದೆ ಬಳಸಬಾರದು. ಮೂರನೆಯದು ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಸ್ಪ್ರೇ. ‘ಸ್ಟೀರಾಯ್ಡ್’ ಎಂಬ ಹೆಸರು ಕೇಳಿ ಹೆದರುವವರೇ ಹೆಚ್ಚು. ಆದರೆ ಅದು ಮೂಗಿನಲ್ಲೇ ಕೆಲಸ ಮಾಡುತ್ತದೆ, ಮೈಗೆ ಸೇರುವುದು ಬಹಳ ಕಡಿಮೆ. ಎರಡು ದಿನ ಹೊಡೆದು ‘ಏನೂ ಆಗಲಿಲ್ಲ’ ಎಂದು ಬಿಡಬಾರದು. ದಿನಾ ತಪ್ಪದೆ ಕೆಲವು ವಾರ ಬಳಸಿದರೆ ಪೂರ್ತಿ ಗುಣ ಕಾಣುತ್ತದೆ.

ಔಷಧ ಅಂಗಡಿಯಲ್ಲಿ ಕೇಳಿ ಪಡೆಯುವ, ಹಾಕಿದ ಎರಡೇ ನಿಮಿಷಕ್ಕೆ ಮೂಗು ತೆರೆಯುವ ಡ್ರಾಪ್ಸ್ ಬೇರೆ. ಅದನ್ನು ಐದಾರು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಅದಕ್ಕೇ ಒಗ್ಗಿಕೊಳ್ಳುತ್ತದೆ. ಡ್ರಾಪ್ಸ್ ಇಳಿದ ಕೂಡಲೇ ಮೊದಲಿಗಿಂತ ಜೋರಾಗಿ ಕಟ್ಟುತ್ತದೆ, ಮತ್ತೆ ಡ್ರಾಪ್ಸ್ ಬೇಕಾಗುತ್ತದೆ. ವರ್ಷಗಟ್ಟಲೆ ಬಾಟಲಿ ಜೇಬಲ್ಲಿಟ್ಟುಕೊಂಡು ಓಡಾಡುವವರು ಇದ್ದಾರೆ. ಅವರ ಕಾಯಿಲೆ ಈಗ ಆ ಡ್ರಾಪ್ಸೇ. ಬಿಡಿಸಿಕೊಳ್ಳಲು ವೈದ್ಯರ ಸಹಾಯ ಪಡೆಯಬೇಕು.

ಸೈನಸ್, ದುರ್ಮಾಂಸ

ತಲೆನೋವು ಬಂದರೆ ‘ಸೈನಸ್’ ಎನ್ನುವುದು ರೂಢಿಯಾಗಿದೆ. ಮೂಗು ಕಟ್ಟದೆ, ಗೊಣ್ಣೆ ಇಳಿಯದೆ ಬರೀ ತಲೆನೋವಿದ್ದರೆ ಅದು ಮೈಗ್ರೇನ್ ಇರುವ ಸಾಧ್ಯತೆಯೇ ಹೆಚ್ಚು. ನೆಗಡಿ ಹತ್ತು ದಿನ ದಾಟಿಯೂ ಹಳದಿ ಗೊಣ್ಣೆ, ಕೆನ್ನೆ ನೋವು, ಜ್ವರ ಇದ್ದರೆ ಸೈನಸ್ ಸೋಂಕು ಎನ್ನಬಹುದು. ಅದೂ ಬಹುಪಾಲು ಔಷಧಿಯಲ್ಲೇ ಹೋಗುತ್ತದೆ.

12 ವಾರ ದಾಟಿದರೆ ಅದು ದೀರ್ಘಕಾಲದ ಸೈನಸ್. ಸರಿಯಾಗಿ ಔಷಧಿ ಮಾಡಿಯೂ ಕಡಿಮೆಯಾಗದಿದ್ದರೆ ಸಿಟಿ ಸ್ಕ್ಯಾನ್ ಮಾಡಿಸಿ, ದುರ್ಬೀನಿನಿಂದ ಮೂಗಿನ ಮೂಲಕವೇ ಸೈನಸ್ ಬಾಯಿ ಅಗಲ ಮಾಡುವ ಆಪರೇಷನ್ ಮಾಡುತ್ತಾರೆ. ಮುಖದ ಮೇಲೆ ಗಾಯ ಇರುವುದಿಲ್ಲ. ಜನ ‘ದುರ್ಮಾಂಸ’ ಎನ್ನುವ ಪಾಲಿಪ್‌ಗೂ ಇದೇ ದಾರಿ. ಆದರೆ ಪಾಲಿಪ್ ಮತ್ತೆ ಬೆಳೆಯುವ ಸ್ವಭಾವದ್ದು. ಆಪರೇಷನ್ ಆದ ಮೇಲೂ ಸ್ಪ್ರೇ ಮುಂದುವರಿಸಬೇಕು ಎಂಬುದನ್ನು ಮೊದಲೇ ತಿಳಿದಿರಬೇಕು. ಒಂದೇ ಹೊಳ್ಳೆಯಲ್ಲಿ ಗಡ್ಡೆ ಇದ್ದು ಆಗಾಗ ರಕ್ತ ಬರುತ್ತಿದ್ದರೆ ಅದನ್ನು ಮಾಮೂಲಿ ದುರ್ಮಾಂಸ ಎಂದುಕೊಳ್ಳದೆ ಪರೀಕ್ಷೆ ಮಾಡಿಸಲೇಬೇಕು.

ಸಕ್ಕರೆ ಕಾಯಿಲೆ ಇರುವವರು ಒಂದು ವಿಷಯ ನೆನಪಿಡಬೇಕು. 2021ರಲ್ಲಿ ಕೋವಿಡ್ ಎರಡನೇ ಅಲೆಯ ಜೊತೆ ಬಂದ ಕಪ್ಪು ಶಿಲೀಂಧ್ರ ಕಾಯಿಲೆ ಪೂರ್ತಿ ಹೋಗಿಲ್ಲ. ಸಕ್ಕರೆ ಹತೋಟಿ ತಪ್ಪಿದವರಿಗೆ ಈಗಲೂ ಬರಬಹುದು. ಮುಖದ ಒಂದು ಕಡೆ ಊತ, ಮರಗಟ್ಟುವುದು, ಮೂಗಲ್ಲಿ ಕಪ್ಪು ಹಕ್ಕಳೆ, ಕಣ್ಣಿಗೆ ಎರಡೆರಡು ಕಾಣುವುದು ಇದರ ಗುರುತು. ಇಲ್ಲಿ ಅದೇ ದಿನ ಆಸ್ಪತ್ರೆ ಸೇರಬೇಕು.

ಮೂಗಿನಿಂದ ರಕ್ತ ಬಂದರೆ ತಲೆ ಹಿಂದಕ್ಕೆ ಚೆಲ್ಲಬಾರದು. ರಕ್ತ ಗಂಟಲಿಗೆ ಇಳಿಯುತ್ತದೆ. ಕುಳಿತು, ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು ಬೆರಳುಗಳಿಂದ ಗಟ್ಟಿಯಾಗಿ ಒತ್ತಿ 10-15 ನಿಮಿಷ ಬಿಡದೆ ಹಿಡಿಯಬೇಕು. ನಡುನಡುವೆ ಬಿಟ್ಟು ನೋಡಬಾರದು. ಹಾಗೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು. ವಯಸ್ಸಾದವರಾದರೆ ಬಿಪಿಯನ್ನೂ ನೋಡಿಸಬೇಕು.

ಟಾನ್ಸಿಲ್: ಎಷ್ಟು ಸಲ ಬಂದರೆ ತೆಗೆಸಬೇಕು?

ಟಾನ್ಸಿಲ್ ದಪ್ಪಗೆ ಕಾಣುತ್ತದೆ ಎಂಬ ಕಾರಣಕ್ಕೆ ತೆಗೆಸಬೇಕಿಲ್ಲ. ಮಕ್ಕಳಲ್ಲಿ ಅದು ಸಹಜವಾಗಿಯೇ ದಪ್ಪಗಿದ್ದು, ಬೆಳೆದಂತೆ ಕುಗ್ಗುತ್ತದೆ. ಸೋಂಕಿನ ಲೆಕ್ಕಕ್ಕೆ ವೈದ್ಯರು ಜಗತ್ತಿನಾದ್ಯಂತ ಒಂದು ಅಳತೆ ಬಳಸುತ್ತಾರೆ: ಒಂದೇ ವರ್ಷದಲ್ಲಿ 7 ಸಲ, ಅಥವಾ ಸತತ 2 ವರ್ಷ ವರ್ಷಕ್ಕೆ 5 ಸಲ, ಅಥವಾ ಸತತ 3 ವರ್ಷ ವರ್ಷಕ್ಕೆ 3 ಸಲ. ಅದೂ ಜ್ವರ, ಕೀವು, ಕುತ್ತಿಗೆ ಗಂಟು ಇರುವಂಥ ನಿಜವಾದ ಸೋಂಕು. ಬರೀ ನೆಗಡಿಯ ಗಂಟಲು ಕೆರೆತ ಲೆಕ್ಕಕ್ಕಿಲ್ಲ. ಇದಕ್ಕಾಗಿ ಮಗು ಹುಷಾರಿಲ್ಲದ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟರೆ ವೈದ್ಯರಿಗೂ ಅನುಕೂಲ.

ಲೆಕ್ಕ ಹಿಡಿಯದೆ ಯೋಚಿಸಬೇಕಾದ ಕಾರಣ ಇನ್ನೊಂದಿದೆ. ಮಗು ಬಾಯಿ ತೆರೆದು ಮಲಗುತ್ತದೆ, ಜೋರಾಗಿ ಗೊರಕೆ ಹೊಡೆಯುತ್ತದೆ, ನಡುವೆ ಉಸಿರು ನಿಂತಂತಾಗಿ ಬೆಚ್ಚಿಬಿದ್ದು ಹೊರಳುತ್ತದೆ. ‘ಅವರಪ್ಪನ ಹಂಗ ಗೊರಕಿ’ ಎಂದು ಮನೆಯವರು ನಗುತ್ತಾರೆ. ಆದರೆ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ದಾರಿ ಮುಚ್ಚಿದ್ದರಿಂದ ಆ ಮಗುವಿಗೆ ರಾತ್ರಿ ಸರಿಯಾಗಿ ಉಸಿರು ಸಿಗುತ್ತಿರುವುದಿಲ್ಲ. ಹಗಲು ತೂಕಡಿಕೆ, ಸಿಡಿಮಿಡಿ, ಓದಿನಲ್ಲಿ ಹಿಂದೆ ಬೀಳುವುದು, ಹಾಸಿಗೆ ಒದ್ದೆ ಮಾಡುವುದು ಇದರ ಪರಿಣಾಮ ಇರಬಹುದು. ವೈದ್ಯರಿಗೆ ತೋರಿಸುವಾಗ ಮಲಗಿದ ಮಗುವಿನ ಎರಡು ನಿಮಿಷದ ವಿಡಿಯೊ ಮೊಬೈಲ್‌ನಲ್ಲಿ ಮಾಡಿಕೊಂಡು ಹೋಗಿ. ಇಲ್ಲಿ ಆಪರೇಷನ್‌ನಿಂದ ಹೆಚ್ಚಿನ ಮಕ್ಕಳಿಗೆ ಒಳ್ಳೆಯ ಗುಣ ಕಾಣುತ್ತದೆ.

ಗಂಟಲು ನೋವಿನ ಜೊತೆ ಬಾಯಿ ತೆರೆಯಲಾಗದೆ, ಜೊಲ್ಲು ನುಂಗಲಾಗದೆ, ಮಾತು ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡಂತೆ ಕೇಳಿದರೆ ಟಾನ್ಸಿಲ್ ಪಕ್ಕ ಕೀವು ಕಟ್ಟಿದೆ ಎಂದರ್ಥ. ಮಾತ್ರೆ ಸಾಲದು, ಅದೇ ದಿನ ಕೀವು ತೆಗೆಸಬೇಕು.

ಕೂತ ದನಿ, ತೆರೆಯದ ಬಾಯಿ

ಸಂತೆಯಲ್ಲಿ ಕೂಗಿ ಮಾರುವವರು, ಶಿಕ್ಷಕರು, ಭಜನೆ-ಬಯಲಾಟದವರು ದನಿ ಒಡೆದುಕೊಳ್ಳುವುದು ಮಾಮೂಲು. ಗಂಟಲಿಗೆ ವಿಶ್ರಾಂತಿ, ಸಾಕಷ್ಟು ನೀರು, ಮಾತಿನ ತರಬೇತಿಯಿಂದಲೇ ಧ್ವನಿಪಟ್ಟಿಯ ಸಣ್ಣ ಗಂಟುಗಳು ಹೆಚ್ಚಾಗಿ ಕರಗುತ್ತವೆ.

ಆದರೆ ಮೂರು ವಾರ ಕಳೆದರೂ ದನಿ ಸರಿಹೋಗದಿದ್ದರೆ ಒಳಗೆ ನೋಡಿಸಲೇಬೇಕು. ಬೀಡಿ, ಸಿಗರೇಟು, ತಂಬಾಕು, ಸಾರಾಯಿ ಅಭ್ಯಾಸ ಇದ್ದವರಂತೂ ಒಂದು ದಿನವೂ ಮುಂದೂಡಬಾರದು. ಧ್ವನಿಪಟ್ಟಿಯ ಕ್ಯಾನ್ಸರ್ ನೋವು ಕೊಡುವ ಮೊದಲೇ ದನಿ ಕೆಡಿಸುತ್ತದೆ. ಅಂದರೆ ಅದು ಬೇಗ ಸುಳಿವು ಕೊಡುವ ಕಾಯಿಲೆ. ಆಗಲೇ ಸಿಕ್ಕರೆ ಗುಣವಾಗುವ ಸಾಧ್ಯತೆ ಬಹಳ ಚೆನ್ನಾಗಿದೆ, ದನಿಯನ್ನೂ ಉಳಿಸಬಹುದು. ತಿಂಗಳುಗಟ್ಟಲೆ ಮಾತ್ರೆ ಚೀಪುತ್ತಾ ಕಳೆದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದ ಹಂತಕ್ಕೆ ಹೋಗಬಹುದು.

ಇದರ ಜೊತೆಗೇ ಬರುವುದು ಬಾಯಿ. ಸವಣೂರು ಎಲೆಯ ಮೇಲೆ ಅಪವಾದ ಬೇಡ. ತೊಂದರೆ ಕೊಡುವುದು ಅದರ ಜೊತೆ ಸೇರುವ ಅಡಿಕೆ ಮತ್ತು ತಂಬಾಕು. ಅಡಿಕೆ ಒಂದೇ ಇದ್ದರೂ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲೇ ಹೇಳಿದೆ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದರೂ, ಪಾನ್ ಮಸಾಲೆಯ ಚೀಟಿ ಮತ್ತು ತಂಬಾಕಿನ ಚೀಟಿ ಬೇರೆ ಬೇರೆ ಕೊಂಡು ಕೈಯಲ್ಲೇ ಬೆರೆಸುವುದು ನಿಂತಿಲ್ಲ.

ಅಗಿಯುವ ಅಭ್ಯಾಸ ಇರುವವರು ಕನ್ನಡಿ ಮುಂದೆ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ತಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಿಡಿಸುತ್ತವೆಯೇ ನೋಡಬೇಕು. ಹಿಡಿಸದಿದ್ದರೆ, ಖಾರ ತಿಂದರೆ ಬಾಯಿ ಉರಿದರೆ, ಕೆನ್ನೆಯ ಒಳಗೆ ಬಿಗಿಯಾದ ಪಟ್ಟಿ ಸಿಕ್ಕರೆ ಅದು ಬಾಯಿ ಕಟ್ಟಿಕೊಳ್ಳುವ ಕಾಯಿಲೆ. ಇದು ಮುಂದೆ ಕ್ಯಾನ್ಸರ್ ಆಗಬಹುದು. ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರದಲ್ಲಿ ವಾಸಿಯಾಗದ ಹುಣ್ಣು, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು ಇದ್ದರೆ ಸಣ್ಣ ತುಂಡು ಅಥವಾ ಸೂಜಿಯಿಂದ ದ್ರವ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ‘ಸೂಜಿ ಚುಚ್ಚಿದರ ರೋಗ ಹರಡತೈತಿ’ ಎಂಬುದು ತಪ್ಪು ಭಯ. ಹರಡುವುದಕ್ಕೆ ಬಿಡುವುದು ತಡ ಮಾಡುವುದೇ.

ಇವು ಕಂಡರೆ ಬೆಳಗಾಗುವವರೆಗೂ ಕಾಯಬೇಡಿ

- ಮಗು ಬಟನ್ ಸೆಲ್ ನುಂಗಿದರೆ, ಅಥವಾ ಮೂಗಿಗೆ, ಕಿವಿಗೆ ಹಾಕಿಕೊಂಡರೆ. ರಿಮೋಟ್, ಆಟಿಕೆ, ಗಡಿಯಾರದ ಆ ಸೆಲ್ ಎರಡೇ ತಾಸಿನಲ್ಲಿ ಒಳಗಿನ ಮಾಂಸ ಸುಡಲು ಶುರು ಮಾಡಬಹುದು. ಆಟಿಕೆ ಅಂಗಡಿಯವರು ಸೆಲ್ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ ಮಾರಿದರೆ ಒಂದು ಜೀವ ಉಳಿದೀತು.
- ಶೇಂಗಾ, ಕಡಲೆ ತಿನ್ನುತ್ತಿದ್ದ ಮಗು ದಿಢೀರ್ ಕೆಮ್ಮಿ, ಆಮೇಲೆ ಉಸಿರಾಟದಲ್ಲಿ ಸೀಟಿಯಂಥ ಸದ್ದು ಬಂದರೆ. ಕೆಮ್ಮು ನಿಂತರೂ ಕಾಳು ಶ್ವಾಸನಾಳದಲ್ಲಿ ಇರಬಹುದು.
- ಉಸಿರು ಎಳೆಯುವಾಗ ಸದ್ದು, ಜೊಲ್ಲು ಸುರಿಯುವುದು, ಮಲಗಲಾಗದೆ ಕೂತೇ ಉಸಿರಾಡುವುದು.
- ಕಿವಿ ಸೋರುವವರಿಗೆ ಜ್ವರ, ತಲೆನೋವು, ವಾಂತಿ, ಕಿವಿ ಹಿಂದೆ ಬಾವು, ಬಾಯಿ ಸೊಟ್ಟಗಾಗುವುದು.
- ಗಂಟಲಿಗೆ ಮೀನಿನ ಮುಳ್ಳು ಸಿಕ್ಕರೆ ಅನ್ನದ ಮುದ್ದೆ, ಬಾಳೆಹಣ್ಣು ನುಂಗಿಸಬೇಡಿ. ಮುಳ್ಳು ಇನ್ನೂ ಆಳಕ್ಕೆ ಇಳಿಯಬಹುದು.

ಇಂಥ ಹೊತ್ತಿನಲ್ಲಿ 108ಕ್ಕೆ ಕರೆ ಮಾಡಬೇಕು.

ಆಪರೇಷನ್ ಎಂದಾಗ ಕೇಳಬೇಕಾದ ಐದು ಮಾತು

ವೈದ್ಯರು ಆಪರೇಷನ್ ಹೇಳಿದ ಕೂಡಲೇ ಹೂಂ ಅನ್ನಬೇಕಿಲ್ಲ, ಹೆದರಿ ಎದ್ದು ಬರಲೂಬೇಕಿಲ್ಲ. ಐದು ಪ್ರಶ್ನೆ ಕೇಳಿ: ಕಾಯಿಲೆಯ ಹೆಸರೇನು, ಚೀಟಿಯಲ್ಲಿ ಬರೆದುಕೊಡುತ್ತೀರಾ? ಯಾವ ಪರೀಕ್ಷೆಯಿಂದ ಗೊತ್ತಾಯಿತು? ಔಷಧಿ ಪೂರ್ತಿ ಮಾಡಿ ನೋಡಿದ್ದಾಯಿತೇ? ಆರು ತಿಂಗಳು ಮುಂದೂಡಿದರೆ ಏನಾಗುತ್ತದೆ? ಆಪರೇಷನ್ ಆದ ಮೇಲೂ ಮತ್ತೆ ಬರಬಹುದೇ?

ನಾಲ್ಕನೆಯದರ ಉತ್ತರವನ್ನು ಗಮನವಿಟ್ಟು ಕೇಳಿ. ‘ಏನೂ ಆಗಲ್ಲ, ತೊಂದರೆ ಹಿಂಗೇ ಇರುತ್ತೆ ಅಷ್ಟೇ’ ಎಂದರೆ ಯೋಚಿಸಲು, ಇನ್ನೊಬ್ಬ ವೈದ್ಯರನ್ನು ಕೇಳಲು ಸಮಯವಿದೆ. ‘ಎಲುಬು ಸವೆಯುತ್ತೆ, ಹರಡುತ್ತೆ’ ಎಂದರೆ ಹೆಚ್ಚು ಕಾಯುವಂತಿಲ್ಲ.

ಬಿಪಿ, ಸಕ್ಕರೆ, ಅಸ್ತಮಾ ಇದ್ದರೆ, ರಕ್ತ ತೆಳ್ಳಗಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಬೇಕು. ಆಪರೇಷನ್ ನಂತರವೂ ಎಚ್ಚರ ಬೇಕು. ಟಾನ್ಸಿಲ್ ತೆಗೆಸಿದ ಮೇಲೆ ಮೊದಲ ದಿನ ಮತ್ತು 5ರಿಂದ 10ನೇ ದಿನದ ನಡುವೆ ರಕ್ತ ಬರುವ ಸಂಭವ ಇರುತ್ತದೆ. ಬಂದರೆ ಕೂಡಲೇ ಆಸ್ಪತ್ರೆಗೆ. ಗಂಟಲಲ್ಲಿ ಬಿಳಿ ಪದರ ಕಂಡರೆ ಅದು ಕೀವಲ್ಲ, ಗಾಯ ಮಾಯುವ ಲಕ್ಷಣ. ಕಿವಿ ಆಪರೇಷನ್ ಆದವರು ಜೋರಾಗಿ ಮೂಗು ಸೀನಬಾರದು, ವೈದ್ಯರು ಹೇಳುವವರೆಗೆ ಕಿವಿಗೆ ನೀರು ತಾಗಿಸಬಾರದು.

ಖರ್ಚು, ಕಾರ್ಡು

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ಚಿಕಿತ್ಸೆಯ ನೆರವಿದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯಲ್ಲಿ ಸರ್ಕಾರ ಭರಿಸುತ್ತದೆ. ತುರ್ತು ಅಲ್ಲದ ಆಪರೇಷನ್‌ಗೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ನೆರವು ಸಿಗದಿರಬಹುದು. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಪಡೆಯಬೇಕು. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಅಂಗಡಿ, ಮಿಲ್ಲುಗಳಲ್ಲಿ ಇಎಸ್‌ಐ ಇರುವ ಕೆಲಸಗಾರರಿಗೆ ಆ ದಾರಿ ಬೇರೆ ಇದೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಇಎನ್‌ಟಿ ವೈದ್ಯರು ಯಾವ ದಿನ ಇರುತ್ತಾರೆ ಎಂದು ಮೊದಲೇ ವಿಚಾರಿಸಿ ಹೋದರೆ ಬಸ್ ಚಾರ್ಜು, ಒಂದು ದಿನದ ವ್ಯಾಪಾರ ಎರಡೂ ಉಳಿಯುತ್ತದೆ. ಮುಂದಿನ ಹಂತಕ್ಕೆ ಹಾವೇರಿಯ ಜಿಲ್ಲಾ ಆಸ್ಪತ್ರೆ, ಅದಕ್ಕೂ ಮೇಲೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಇದೆ. ಶಾಲೆ, ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು ಮಕ್ಕಳ ಕಿವಿಯ ತೊಂದರೆಯನ್ನೂ ನೋಡುತ್ತಾರೆ. ಮಗುವಿಗೆ ಕಿವಿ ಸೋರುತ್ತಿದ್ದರೆ ಶಿಕ್ಷಕರಿಗೆ ಮೊದಲೇ ಹೇಳಿಡಿ.

ಇನ್ನು ಮೆಡಿಕಲ್ ಶಾಪ್‌ನವರು. ಊರಿನ ಜನ ವೈದ್ಯರಿಗಿಂತ ಮೊದಲು ಬಂದು ನಿಲ್ಲುವುದು ಅವರ ಕೌಂಟರ್ ಮುಂದೆಯೇ. ‘ವಾಸನೆ ಬರುತ್ತಾ? ಎಷ್ಟು ದಿನ ಆಯ್ತು?’ ಎಂದು ಎರಡು ಪ್ರಶ್ನೆ ಕೇಳಿ, ‘ಈ ಸಲ ಡ್ರಾಪ್ಸ್ ಬ್ಯಾಡ್ರಿ ಅಕ್ಕಾರ, ಮೊದಲು ಡಾಕ್ಟರಿಗೆ ತೋರಿಸ್ರಿ’ ಎಂದು ಹೇಳಿದರೆ ಆ ದಿನ ಒಂದು ಬಾಟಲಿಯ ವ್ಯಾಪಾರ ಹೋಗಬಹುದು. ಆ ಹುಡುಗನ ಕಿವಿ ಮಾತ್ರ ಉಳಿಯುತ್ತದೆ.